ಬಾಡಿಗೆಯ ಎಲೆಕ್ಟ್ರಿಕ್ ಸ್ಕೂಟರಿನಿಂದ ಬಿದ್ದರೆ ಹೊಣೆ ಯಾರದು?

ಪ್ರಶ್ನೆ

ಮೂರು ವಾರಗಳ ಹಿಂದೆ, ನಿಂತುಕೊಂಡು ಓಡಿಸುವ ಬಾಡಿಗೆ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಇಳಿಜಾರಿನಲ್ಲಿ ಬರುತ್ತಿದ್ದಾಗ ಬ್ರೇಕ್ ಹಿಡಿದೆ. ಲಿವರ್ ಹ್ಯಾಂಡಲಿಗೆ ತಾಗುವವರೆಗೂ ಸಲೀಸಾಗಿ ಬಂತು, ವೇಗ ಮಾತ್ರ ಇಳಿಯಲಿಲ್ಲ. ಪಕ್ಕಕ್ಕೆ ತಿರುಗಿಸಲು ಹೋದಾಗ ಮುಂದಿನ ಚಕ್ರ ಸಣ್ಣದೊಂದು ಹೊಂಡಕ್ಕೆ ಇಳಿದು, ನಾನು ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬಿದ್ದೆ. ಕೈ ಊರಿ ಬಿದ್ದದ್ದರಿಂದ ಬಲ ಮಣಿಕಟ್ಟಿನ ಮೂಳೆ ಮುರಿದಿದೆ, ಗದ್ದಕ್ಕೆ ಆರು ಹೊಲಿಗೆ ಬಿದ್ದಿವೆ. ಸ್ಕೂಟರ್ ಜಾರಿಕೊಂಡು ಹೋಗಿ ನಡೆದು ಹೋಗುತ್ತಿದ್ದ ಹಿರಿಯರೊಬ್ಬರ ಕಾಲಿಗೆ ಬಡಿದು ಅವರಿಗೂ ಗಾಯವಾಯಿತು.

ಕಂಪನಿಗೆ ಬರೆದಾಗ, ಆ್ಯಪ್‌ನಲ್ಲಿ ‘ಒಪ್ಪಿದ್ದೇನೆ’ ಎಂದು ಒತ್ತಿರುವುದರಿಂದ ಅಪಾಯವೆಲ್ಲ ಸವಾರನದೇ ಎಂಬ ಎರಡು ಸಾಲಿನ ಉತ್ತರ ಬಂತು. ನಾಲ್ಕು ದಿನ ಬಿಟ್ಟು ಅದೇ ಕಂಪನಿ, ‘ಸೌಹಾರ್ದದ ದೃಷ್ಟಿಯಿಂದ’ ಸಣ್ಣ ಮೊತ್ತವೊಂದನ್ನು ಕೊಡುವುದಾಗಿ ಹೇಳಿ ರಾಜಿಪತ್ರವೊಂದನ್ನು ಸಹಿಗೆ ಕಳಿಸಿದೆ. ಸಹಿ ಹಾಕಬಹುದೇ? ಆ ಹಿರಿಯರಿಗೆ ನಾನೇ ಪರಿಹಾರ ಕೊಡಬೇಕಾಗುತ್ತದೆಯೇ?

ಮೊದಲ ಉತ್ತರ

ಅಪಘಾತ ಪರಿಹಾರದ ಅರ್ಜಿಗಳನ್ನು ನೋಡುವುದೇ ನನ್ನ ಕೆಲಸ. ಸದ್ಯಕ್ಕೆ ಸಹಿ ಹಾಕಬೇಡಿ. ಏನೂ ಕೊಡಬೇಕಾಗಿಲ್ಲ ಎಂದು ಬರೆದವರು ನಾಲ್ಕೇ ದಿನದಲ್ಲಿ ಹಣ ಮುಂದಿಟ್ಟಿದ್ದಾರೆಂದರೆ, ತಮ್ಮ ಮೊದಲ ಉತ್ತರದ ಮೇಲೆ ಅವರಿಗೇ ಪೂರ್ತಿ ನಂಬಿಕೆಯಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ.

‘ಒಪ್ಪಿದ್ದೇನೆ’ ಎಂಬ ಬಟನ್ ಕಂಪನಿಗಳು ಹೇಳುವಷ್ಟು ಗಟ್ಟಿಯಾದ ಕವಚವಲ್ಲ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ 65ನೇ ಕಲಮಿನ ಪ್ರಕಾರ, ತನ್ನ ನಿರ್ಲಕ್ಷ್ಯದಿಂದ ಆದ ಸಾವು ಅಥವಾ ದೈಹಿಕ ಗಾಯದ ಹೊಣೆಯನ್ನು ವ್ಯಾಪಾರಿಯು ಕರಾರಿನ ಷರತ್ತಿನಿಂದ ತಳ್ಳಿಹಾಕುವಂತಿಲ್ಲ. ಐರೋಪ್ಯ ಒಕ್ಕೂಟದ 1993ರ ನಿರ್ದೇಶನವೂ ಇಂಥ ಷರತ್ತನ್ನು ಅನ್ಯಾಯದ್ದೆಂದು ಎಣಿಸಬಹುದಾದವುಗಳ ಪಟ್ಟಿಯಲ್ಲಿ ಮೊದಲಿಗೇ ಇಟ್ಟಿದೆ. ಎಲ್ಲ ದೇಶಗಳಲ್ಲೂ ಹೀಗೆಯೇ ಎನ್ನಲಾಗದು. ಕೆಲವು ಕಡೆ ಅಂಥ ಷರತ್ತು ಬಹುಮಟ್ಟಿಗೆ ನಿಲ್ಲುತ್ತದೆ. ಆದ್ದರಿಂದ ನಿಮ್ಮ ಕರಾರಿನಲ್ಲಿ ಯಾವ ದೇಶದ ಕಾನೂನು ಅನ್ವಯಿಸುತ್ತದೆ ಎಂಬ ಸಾಲನ್ನೂ, ವ್ಯಾಜ್ಯವನ್ನು ಕೋರ್ಟಿನ ಬದಲು ಮಧ್ಯಸ್ಥಿಕೆಗೆ ಒಯ್ಯಬೇಕೆಂಬ ಸಾಲು ಇದೆಯೇ ಎಂಬುದನ್ನೂ ಮೊದಲು ಹುಡುಕಿ.

ನೀವು ಹೇಳಿದ ಘಟನೆಯಲ್ಲಿ ಹೊಣೆ ಒಬ್ಬರ ಬಳಿಯೇ ನಿಲ್ಲುವುದಿಲ್ಲ. ಬ್ರೇಕನ್ನು ಸುಸ್ಥಿತಿಯಲ್ಲಿಡಬೇಕಾದದ್ದು ಬಾಡಿಗೆ ಕಂಪನಿ. ಬ್ರೇಕಿನ ವಿನ್ಯಾಸವೇ ಕೆಟ್ಟದ್ದಾಗಿದ್ದರೆ ತಯಾರಕ. ಹೊಂಡ ಬಹಳ ದಿನದಿಂದ ಇದ್ದರೆ ರಸ್ತೆಯ ಆಡಳಿತ. ಮೂರನೆಯದಕ್ಕೆ ಗಡುವು ಬಹಳ ಚಿಕ್ಕದಿರುತ್ತದೆ. ಕ್ಯಾಲಿಫೋರ್ನಿಯದಲ್ಲಿ ಸರ್ಕಾರಿ ಸಂಸ್ಥೆಯ ವಿರುದ್ಧದ ಗಾಯದ ಅರ್ಜಿಯನ್ನು 6 ತಿಂಗಳೊಳಗೆ ಕೊಡಬೇಕು. ಹೆಲ್ಮೆಟ್ ಇಲ್ಲದಿರುವುದು, ಕುಡಿದಿರುವುದು, ಇಬ್ಬರು ನಿಂತಿರುವುದು, ಇವುಗಳಲ್ಲಿ ಯಾವುದಾದರೂ ಇದ್ದಲ್ಲಿ ಪರಿಹಾರದಲ್ಲಿ ನಿಮ್ಮ ಪಾಲಿನ ತಪ್ಪಿಗೆ ತಕ್ಕಷ್ಟು ಕಡಿತವಾಗಬಹುದು.

ಎರಡನೇ ಉತ್ತರ

ನಾನು ಇಂಥ ಗಾಡಿಗಳನ್ನು ರಿಪೇರಿ ಮಾಡುವವನು. ‘ಲಿವರ್ ಹ್ಯಾಂಡಲಿಗೆ ತಾಗುವವರೆಗೂ ಬಂತು’ ಎಂಬ ನಿಮ್ಮ ಒಂದು ವಾಕ್ಯದಲ್ಲೇ ಅರ್ಧ ವಿಷಯವಿದೆ. ಕೇಬಲ್ ಸಡಿಲವಾಗಿದ್ದರೆ, ಅದನ್ನು ಬಿಗಿಮಾಡುವ ತಿರುಪು ಕಳಚಿಕೊಂಡಿದ್ದರೆ ಅಥವಾ ಬ್ರೇಕ್ ಪ್ಯಾಡ್ ಸವೆದಿದ್ದರೆ ಹೀಗಾಗುತ್ತದೆ. ಇದು ಒಂದೇ ದಿನದಲ್ಲಿ ಬರುವ ದೋಷವಲ್ಲ, ವಾರಕ್ಕೊಮ್ಮೆ ಕೈಯಿಂದ ಒತ್ತಿ ನೋಡಿದ್ದರೂ ತಿಳಿಯುತ್ತಿತ್ತು. ಇನ್ನೊಂದು ಬ್ರೇಕ್ ಮೋಟಾರಿನದು. ಬ್ಯಾಟರಿ ಪೂರ್ತಿ ತುಂಬಿದ್ದಾಗ ಹಲವು ಗಾಡಿಗಳಲ್ಲಿ ಆ ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ, ಏಕೆಂದರೆ ಇಳಿಜಾರಿನಲ್ಲಿ ಹುಟ್ಟುವ ವಿದ್ಯುತ್ತು ಹೋಗಲು ಜಾಗವಿರುವುದಿಲ್ಲ. ಹಾಗಾಗಿ ಬೀಳುವ ಹೊತ್ತಿನಲ್ಲಿ ಬ್ಯಾಟರಿ ಎಷ್ಟಿತ್ತು ಎಂಬುದನ್ನು ಕೇಳಿ ಪಡೆಯಬೇಕು.

ಹೊಂಡದ ಮಾತೂ ಸಣ್ಣದಲ್ಲ. ಸೈಕಲ್ ಚಕ್ರ ಹತ್ತಿಳಿದು ಹೋಗಿಬಿಡುವ ಗುಳಿಗೆ 8 ಅಥವಾ 10 ಇಂಚಿನ ಚಕ್ರ ಸಿಕ್ಕಿಹಾಕಿಕೊಂಡು ನಿಂತುಬಿಡುತ್ತದೆ. ಅದರ ಮೇಲೆ ನೆಟ್ಟಗೆ ನಿಂತವನು ಮಾತ್ರ ನಿಲ್ಲುವುದಿಲ್ಲ. ಹೊಂಡವನ್ನು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ, ಮುಚ್ಚುವ ಮೊದಲೇ. ಗಾಡಿಯ ನಂಬರು, ಆ ದಿನದ ವೇಗದ ದಾಖಲೆ, ಹಿಂದಿನ ದೂರುಗಳು, ರಿಪೇರಿಯ ದಿನಾಂಕಗಳು, ಇವನ್ನೆಲ್ಲ ಅಳಿಸಬಾರದೆಂದೂ ಗಾಡಿಯನ್ನು ಬಿಚ್ಚಬಾರದೆಂದೂ ಕಂಪನಿಗೆ ಇಂದೇ ಲಿಖಿತವಾಗಿ ತಿಳಿಸಿ.

ಮೂರನೇ ಉತ್ತರ

ವೈದ್ಯಳಾಗಿ ಒಂದೇ ವಿಷಯ ಸೇರಿಸುತ್ತೇನೆ. ಕೈ ಊರಿ ಬಿದ್ದಾಗ ಹೆಬ್ಬೆರಳಿನ ಬುಡದಲ್ಲಿರುವ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆಯೂ ಬಿರಿಯಬಹುದು, ಅದು ಮೊದಲ ಎಕ್ಸ್‌ರೇಯಲ್ಲಿ ಕಾಣಿಸದೆಯೇ ಹೋಗಬಹುದು. ಆ ಜಾಗದಲ್ಲಿ ಇನ್ನೂ ನೋವಿದ್ದರೆ ಮತ್ತೆ ತೆಗೆಸಿ. ಆ ಬಿರುಕು ಕೂಡದೆ ಉಳಿದರೆ ವರ್ಷಗಳ ನಂತರವೂ ಕೈ ಕಾಡುತ್ತದೆ. ಗಾಯ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ತಿಳಿಯುವ ಮೊದಲು ‘ಮುಂದೆ ಏನನ್ನೂ ಕೇಳುವುದಿಲ್ಲ’ ಎಂದು ಬರೆದುಕೊಡುವುದು ಸರಿಯಲ್ಲ. ತಲೆಗೆ ಪೆಟ್ಟಾಗಿದೆಯೇ ಎಂದು ಯಾರಾದರೂ ನೋಡಿದರೇ? ಅಮೆರಿಕದ ಆಸ್ಟಿನ್ ನಗರದಲ್ಲಿ 2018ರಲ್ಲಿ ಗಾಯಗೊಂಡ 190 ಸವಾರರನ್ನು ಅಧ್ಯಯನ ಮಾಡಿದಾಗ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ತಲೆಗೆ ಪೆಟ್ಟಾಗಿತ್ತು. ಮೂರರಲ್ಲಿ ಒಬ್ಬರು ಬಿದ್ದದ್ದು ಮೊದಲ ಸವಾರಿಯಲ್ಲೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ತಲೆಯ ಸ್ಕ್ಯಾನ್ ಆಗಿದೆ, ತೊಂದರೆಯಿಲ್ಲ. ಹೆಲ್ಮೆಟ್ ಹಾಕಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ನೀವು ಹೇಳಿದಂತೆ ಬರೆದ ಮೇಲೆ ಕಂಪನಿ ಒಂದು ಪುಟದ ದಾಖಲೆ ಕಳಿಸಿದೆ: ನಾನು ಬೀಳುವ ಎರಡು ದಿನ ಮೊದಲು ಇನ್ನೊಬ್ಬರು ಅದೇ ಗಾಡಿಯ ಬಗ್ಗೆ ‘ಬ್ರೇಕ್ ಸಡಿಲ’ ಎಂದು ಆ್ಯಪ್‌ನಲ್ಲಿ ಗುರುತು ಮಾಡಿದ್ದಾರೆ. ಆ ಹಿರಿಯರ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ.

ಮೊದಲ ಉತ್ತರ ಬರೆದವರು

ಆ ಒಂದು ಸಾಲು ನಿಮ್ಮ ಎಕ್ಸ್‌ರೇಯಷ್ಟೇ ಬೆಲೆಯುಳ್ಳದ್ದು. ದೋಷ ಗೊತ್ತಿದ್ದೂ ಗಾಡಿಯನ್ನು ರಸ್ತೆಯಲ್ಲಿ ಬಿಟ್ಟಿದ್ದರು ಎಂಬುದು, ಗೊತ್ತಿಲ್ಲದೆ ಬಿಟ್ಟಿದ್ದಕ್ಕಿಂತ ಬೇರೆಯೇ ಪ್ರಕರಣ.

ಹಿರಿಯರು ಮೊದಲು ನಿಮ್ಮನ್ನೇ ಕೇಳಬಹುದು. ಬ್ರೇಕಿನ ದೋಷ ಸಾಬೀತಾದರೆ ಆ ಹೊರೆ ಪೂರ್ತಿಯಾಗಿ ಅಥವಾ ಭಾಗಶಃ ಕಂಪನಿಯ ಕಡೆಗೆ ಸರಿಯುತ್ತದೆ. ವಿಮೆ ಇದೆಯೇ ಎಂಬುದು ಆ ಗಾಡಿಯನ್ನು ಕಾನೂನು ಏನೆಂದು ಕರೆಯುತ್ತದೆ ಎಂಬುದನ್ನು ಅವಲಂಬಿಸಿದೆ. ಜರ್ಮನಿಯಲ್ಲಿ 2019ರಿಂದ ಗಂಟೆಗೆ 20 ಕಿಲೋಮೀಟರ್ ಮಿತಿಯ ಇಂಥ ಸ್ಕೂಟರುಗಳಿಗೂ ವಿಮೆಯ ಚೀಟಿ ಅಂಟಿಸಲೇಬೇಕು. ಆದರೆ ಐರೋಪ್ಯ ಒಕ್ಕೂಟದ 2021ರ ನಿರ್ದೇಶನ, 25 ಕಿಲೋಮೀಟರ್ ವೇಗ ಮೀರದ ಹಗುರ ಗಾಡಿಗಳನ್ನು ಕಡ್ಡಾಯ ಮೋಟಾರು ವಿಮೆಯ ವ್ಯಾಖ್ಯೆಯಿಂದ ಹೊರಗಿಟ್ಟು, ಬೇಕಾದರೆ ಒಳತರುವ ಆಯ್ಕೆಯನ್ನು ಆಯಾ ದೇಶಕ್ಕೆ ಬಿಟ್ಟಿದೆ. ಕಂಪನಿಯ ವಿಮೆ ಮೂರನೆಯವರ ಗಾಯಕ್ಕೂ ಅನ್ವಯಿಸುತ್ತದೆಯೇ ಎಂದು ಕೇಳಿ, ನಿಮ್ಮ ಮನೆಯ ವಿಮೆಯಲ್ಲಿ ವೈಯಕ್ತಿಕ ಹೊಣೆಯ ಭಾಗವಿದ್ದರೆ ಅದನ್ನೂ ತೆಗೆದು ಓದಿ. ಅಲ್ಲಿಯವರೆಗೆ ಹಿರಿಯರ ಆರೋಗ್ಯ ವಿಚಾರಿಸಿ, ಆದರೆ ‘ತಪ್ಪು ನನ್ನದೇ’ ಎಂದು ಬರೆದುಕೊಡಬೇಡಿ. ರಾಜಿಪತ್ರವನ್ನು ಸಹಿಯಿಲ್ಲದೆ ವಾಪಸ್ಸು ಕಳಿಸುವಾಗ ಅದರ ಒಂದು ಪ್ರತಿಯನ್ನೂ ಬಂದ ಲಕೋಟೆಯನ್ನೂ ಇಟ್ಟುಕೊಳ್ಳಿ.