ಪದಚರ್ಚೆ: ‘ಹೆಟೆರೋಜೀನಿಯಸ್ ಕಂಪ್ಯೂಟಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬೇರೆ ಬೇರೆ ಬಗೆಯ ಪ್ರೊಸೆಸರ್‌ಗಳನ್ನು ಒಂದೇ ಯಂತ್ರದಲ್ಲಿ ಕೂಡಿಸಿ, ಯಾವುದಕ್ಕೆ ಯಾವ ಕೆಲಸ ಒಗ್ಗುತ್ತದೋ ಅದನ್ನೇ ಕೊಟ್ಟು ವೇಗ ಪಡೆಯುವುದಕ್ಕೆ ‘ಹೆಟೆರೋಜೀನಿಯಸ್ ಕಂಪ್ಯೂಟಿಂಗ್’ ಅನ್ನುತ್ತಾರೆ. ಇದರ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಬರಹ ಬರೆಯುತ್ತಿದ್ದೇನೆ. ಹೆಸರಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಸದ್ಯ ಮುಂದಿರುವ ಪದಗಳು ಇವು: ವಿಜಾತೀಯ ಗಣನೆ, ವಿಷಮ ಗಣನೆ, ಮಿಶ್ರ ಗಣನೆ, ಬೆರಕೆ ಗಣನೆ, ಹಲಬಗೆ ಗಣನೆ. ನನ್ನ ಒಲವು ಕೊನೆಯದರ ಕಡೆಗಿದೆ. ಆದರೆ ಅದಕ್ಕೂ ತೊಡಕುಗಳಿವೆ, ಅದಕ್ಕೇ ಈ ಪತ್ರ.

‘ವಿಜಾತೀಯ’ದ ಅರ್ಥ ಸರಿಯಾಗೇ ಇದೆ. ಆದರೆ ಓದುವವರ ಮನಸ್ಸು ಮೊದಲು ಜಾತಿಯ ಕಡೆಗೆ ಓಡುತ್ತದೆ. ‘ವಿಷಮ’ ಇನ್ನೂ ಕಷ್ಟ. ‘ಪರಿಸ್ಥಿತಿ ವಿಷಮಿಸಿದೆ’ ಅಂದರೆ ಯಾರೂ ಒಳ್ಳೆ ಸುದ್ದಿ ಅಂದುಕೊಳ್ಳುವುದಿಲ್ಲ. ‘ಬೆರಕೆ’ ಕೇಳೋಕೆ ಸರಳ, ಆದರೆ ‘ಕಲಬೆರಕೆ’ ಪಕ್ಕದಲ್ಲೇ ಕೂತಿದೆ. ಮಿಶ್ರ, ಬೆರಕೆ ಎರಡಕ್ಕೂ ನನ್ನ ದೊಡ್ಡ ತಕರಾರು ಬೇರೆ: ಬೆರೆತದ್ದು ತನ್ನತನ ಬಿಟ್ಟುಕೊಡುತ್ತದೆ ಅನ್ನುವ ಛಾಯೆ ಎರಡರಲ್ಲೂ ಇದೆ. ಇಲ್ಲಿ ಹಾಗಾಗುವುದೇ ಇಲ್ಲ. ಎಲ್ಲ ಬಗೆಯ ಕೆಲಸ ಮಾಡುವ ಮುಖ್ಯ ಪ್ರೊಸೆಸರ್ ಆದ ಸಿಪಿಯು ಸಿಪಿಯು ಆಗೇ ಉಳಿಯುತ್ತದೆ, ಒಂದೇ ತರಹದ ಲೆಕ್ಕಗಳನ್ನು ರಾಶಿರಾಶಿಯಾಗಿ ಒಟ್ಟಿಗೆ ಮಾಡುವ ಜಿಪಿಯು ಜಿಪಿಯು ಆಗೇ ಉಳಿಯುತ್ತದೆ. ಅವು ಬೇರೆ ಬೇರೆಯಾಗಿರುವುದೇ ಲಾಭ.

ಒಂದು ಲೆಕ್ಕ ನೋಡಿ. ತಲಾ 10 ಕೋಟಿ ಸಂಖ್ಯೆಗಳಿರುವ ಎರಡು ಪಟ್ಟಿಗಳಿವೆ. ಒಂದೊಂದು ಸಂಖ್ಯೆಗೆ 4 ಬೈಟ್. ಅಂದರೆ ಒಂದು ಪಟ್ಟಿ 400 ಮೆಗಾಬೈಟ್. ಸಾಲಿಗೆ ಸಾಲು ಕೂಡಿ ಮೂರನೇ ಪಟ್ಟಿ ಮಾಡಬೇಕು. ಸಿಪಿಯುಗೂ ಜಿಪಿಯುಗೂ ನಡುವಿನ ದಾರಿ ಸೆಕೆಂಡಿಗೆ 16 ಗಿಗಾಬೈಟ್ ಸಾಗಿಸುತ್ತದೆ ಅಂತಿಟ್ಟುಕೊಳ್ಳಿ. ಎರಡು ಪಟ್ಟಿ ಕಳಿಸಿ, ಉತ್ತರ ವಾಪಸ್ ತರೋಕೆ ಸುಮಾರು 75 ಮಿಲಿಸೆಕೆಂಡ್ ಬೇಕು. ಒಳ್ಳೆ ಜಿಪಿಯುಗೆ ಕೂಡುವ ಕೆಲಸ ಒಂದು ಮಿಲಿಸೆಕೆಂಡೂ ಇಲ್ಲ. ಸೆಕೆಂಡಿಗೆ 50 ಗಿಗಾಬೈಟ್ ಓದಿ ಬರೆಯುವ ಮೆಮೊರಿ ಇದ್ದರೆ, ಸಿಪಿಯು ಇದನ್ನು ಕೂತಲ್ಲೇ 24 ಮಿಲಿಸೆಕೆಂಡಿನಲ್ಲಿ ಮುಗಿಸುತ್ತದೆ. ಜಿಪಿಯು ಎಷ್ಟೇ ಚುರುಕಾಗಿದ್ದರೂ ಸೋತಿತು, ಅಲ್ವಾ?

ಈಗ ಅದೇ ಸಂಖ್ಯೆಗಳನ್ನು 10,000 ಸಾಲು, 10,000 ಕಂಬದ ಎರಡು ಮಾತೃಕೆಗಳಾಗಿ (ಮ್ಯಾಟ್ರಿಕ್ಸ್) ಜೋಡಿಸಿ ಗುಣಿಸಿ. ಸಾಗಾಟ ಅಷ್ಟೇ, 75 ಮಿಲಿಸೆಕೆಂಡ್. ಆದರೆ ಲೆಕ್ಕದ ಹೆಜ್ಜೆಗಳು 10 ಕೋಟಿಯಿಂದ ಸುಮಾರು 2 ಲಕ್ಷ ಕೋಟಿಗೆ ಏರುತ್ತವೆ. ಸೆಕೆಂಡಿಗೆ 1 ಲಕ್ಷ ಕೋಟಿ ಹೆಜ್ಜೆ ಹಾಕುವ ಸಿಪಿಯುಗೆ 2 ಸೆಕೆಂಡ್ ಬೇಕು. 20 ಲಕ್ಷ ಕೋಟಿ ಹಾಕುವ ಜಿಪಿಯುಗೆ ಸಾಗಾಟ ಸೇರಿಸಿದರೂ 0.2 ಸೆಕೆಂಡಿನ ಒಳಗೇ ಮುಗಿಯುತ್ತದೆ. ಯಂತ್ರ ಅದೇ, ಮಾಹಿತಿ ಅಷ್ಟೇ, ಗೆದ್ದವರು ಬೇರೆ. ಹಾಗಾಗಿ ಈ ಪದದ ತಿರುಳಿರುವುದು ಬೆರೆಸುವುದರಲ್ಲಿ ಅಲ್ಲ, ಹಂಚುವುದರಲ್ಲಿ. ಬರೀ ‘ಮಿಶ್ರ’ ಅಂದುಬಿಟ್ಟರೆ ಅದು ಕಾಣುವುದೇ ಇಲ್ಲ.

ಇನ್ನು ‘ಹಲಬಗೆ’ಯ ತೊಡಕುಗಳು.

ಮೊದಲನೆಯದು ವ್ಯಾಕರಣದ್ದು. ‘ಹಲಬಗೆಯ ಗಣನೆ’ ಅಂದರೆ ಲೆಕ್ಕಗಳೇ ಹಲವು ಬಗೆ ಅಂತ ಕೇಳಿಸುತ್ತದೆ. ನಿಜವಾಗಿ ಹಲವು ಬಗೆ ಇರುವುದು ಲೆಕ್ಕ ಮಾಡುವ ಪ್ರೊಸೆಸರ್‌ಗಳು. ‘ಹಲಬಗೆ-ಪ್ರೊಸೆಸರ್ ಗಣನೆ’ ಅಂದರೆ ಗೊಂದಲ ಹೋಗುತ್ತದೆ, ಆದರೆ ಉದ್ದವಾಯಿತು. ಪ್ರೊಸೆಸರ್‌ಗೆ ‘ಸಂಸ್ಕಾರಕ’ ಅನ್ನಬಹುದಲ್ಲ ಅಂತ ಯಾರಾದರೂ ಕೇಳಿದರೆ, ದಯವಿಟ್ಟು ಬೇಡ. ಓದುಗರಿಗೆ ನಾಮಕರಣ, ಉಪನಯನ ನೆನಪಾಗುತ್ತದೆ. ಪ್ರೊಸೆಸರ್ ಅಂದರೆ ಎಲ್ಲರಿಗೂ ಗೊತ್ತು.

ಎರಡನೆಯದು ಅರ್ಥದ್ದು, ಇದೇ ಮುಖ್ಯ. ‘ಹೆಟೆರೋಜೀನಿಯಸ್’ ಅನ್ನೋದನ್ನು ಎರಡು ತರಹದ ಯಂತ್ರಗಳಿಗೆ ಬಳಸುತ್ತಾರೆ. 2008ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಸೂಪರ್‌ಕಂಪ್ಯೂಟರ್ ರೋಡ್‌ರನ್ನರ್ ಸೆಕೆಂಡಿಗೆ ಸಾವಿರ ಲಕ್ಷ ಕೋಟಿ ಲೆಕ್ಕದ ಗಡಿಯನ್ನು, ಅಂದರೆ ಒಂದು ಪೆಟಾಫ್ಲಾಪ್ ಅನ್ನು, ಎಲ್ಲಕ್ಕಿಂತ ಮೊದಲು ದಾಟಿತು. ಅದರಲ್ಲಿ ಎಎಂಡಿಯ ಆಪ್ಟೆರಾನ್ ಜೊತೆ ಐಬಿಎಂನ ಸೆಲ್ ಪ್ರೊಸೆಸರ್‌ಗಳಿದ್ದವು. ಪ್ಲೇಸ್ಟೇಷನ್ 3ರಲ್ಲಿದ್ದ ಚಿಪ್ಪಿನದೇ ವಂಶ. ಒಂದಕ್ಕೆ ಬರೆದ ಪ್ರೋಗ್ರಾಂ ಇನ್ನೊಂದರ ಮೇಲೆ ಓಡುತ್ತಿರಲಿಲ್ಲ, ಅವುಗಳ ಆದೇಶಗಳ ಭಾಷೆಯೇ ಬೇರೆ. ಇದು ಒಂದು ತರಹ.

ಇನ್ನೊಂದು, ಚಿಪ್ ವಿನ್ಯಾಸದ ಕಂಪನಿ ಆರ್ಮ್ 2011ರಲ್ಲಿ ಪ್ರಕಟಿಸಿದ ಬಿಗ್.ಲಿಟಲ್. ಒಂದೇ ಚಿಪ್ಪಿನೊಳಗೆ ಎರಡು ಅಳತೆಯ ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು. ದೊಡ್ಡ ಕೋರ್ ಕಾರ್ಟೆಕ್ಸ್-ಎ15, ಸಣ್ಣ ಕೋರ್ ಕಾರ್ಟೆಕ್ಸ್-ಎ7. ಎರಡಕ್ಕೂ ಒಂದೇ ಆದೇಶಗಳು. ವೇಗ ಮತ್ತು ವಿದ್ಯುತ್ ಖರ್ಚು ಮಾತ್ರ ಬೇರೆ. ಪ್ರೋಗ್ರಾಂ ಬರೆಯುವವರಿಗೆ ವ್ಯತ್ಯಾಸ ಗೊತ್ತಾಗಬೇಕೆಂದೇನೂ ಇಲ್ಲ, ಹಂಚುವ ಕೆಲಸ ಆಪರೇಟಿಂಗ್ ಸಿಸ್ಟಂನದು. 2021ರ ಇಂಟೆಲ್ ಆಲ್ಡರ್ ಲೇಕ್ ಪ್ರೊಸೆಸರ್ ಕೂಡ ಹೀಗೇ. ಅದರ ದೊಡ್ಡ ಕೋರ್‌ಗಳಿಗೆ ಎವಿಎಕ್ಸ್-512 (ಹಲವು ಸಂಖ್ಯೆಗಳ ಲೆಕ್ಕವನ್ನು ಒಂದೇ ಏಟಿಗೆ ಮಾಡಿಸುವ) ಆದೇಶಗಳು ಬರುತ್ತಿದ್ದವು, ಸಣ್ಣವಕ್ಕೆ ಬರುತ್ತಿರಲಿಲ್ಲ. ಕೊನೆಗೆ ದೊಡ್ಡದರಲ್ಲೂ ಅದನ್ನು ಮುಚ್ಚಿಟ್ಟರು. ಎರಡೂ ಒಂದೇ ಮಾತಾಡಬೇಕಲ್ಲ!

ಇವೆರಡಕ್ಕೂ ಒಂದೇ ಪದ ಸಾಕೇ? ನನಗನ್ನಿಸುವುದು ಬೇಡ ಅಂತ. ಬಗೆಯೇ ಬೇರೆಯಾದಾಗ ‘ಹಲಬಗೆ’. ಬಗೆ ಒಂದೇ, ಕಸುವು ಹೆಚ್ಚುಕಡಿಮೆ ಆದಾಗ ಬೇರೇನಾದರೂ ಇರಲಿ. ದೊಡ್ಡದು, ಸಣ್ಣದು ಎರಡೇ ಇದ್ದಾಗ ‘ಇಬ್ಬಗೆ’ ಅಂತ ಬಾಯಿಗೆ ಬರುತ್ತದೆ, ಆದರೆ ‘ಇಬ್ಬಗೆ ನೀತಿ’ ಆ ಪದವನ್ನು ಆಗಲೇ ಕೆಡಿಸಿಟ್ಟಿದೆ. ‘ಹಿರಿ-ಕಿರಿ ಕೋರ್’ ಹೇಗೆ? ನನಗೆ ಹಿಡಿಸಿದೆ.

‘ಪ್ಯಾರಲಲ್’ಗೆ ಇರುವ ‘ಸಮಾಂತರ’ವನ್ನು ನಾನು ಮುಟ್ಟುವುದಿಲ್ಲ, ಶಾಲೆಯಿಂದಲೇ ನೆಲೆಯೂರಿರುವ ಪದ. ಸಮಾಂತರ ರೇಖೆಗಳು ಎಂದೂ ಸೇರುವುದಿಲ್ಲ, ಸಮಾಂತರವಾಗಿ ಓಡುವ ಕೆಲಸಗಳು ಮಾತ್ರ ಮಧ್ಯೆ ಮಧ್ಯೆ ಒಂದಕ್ಕೊಂದು ಕಾಯ್ದು ಸೇರಲೇಬೇಕು. ಇರಲಿ ಬಿಡಿ.

ಕೊನೆಯದು ‘ಆಕ್ಸಲರೇಟರ್’, ಅಂದರೆ ಸಿಪಿಯು ಲೆಕ್ಕ ಒಪ್ಪಿಸುವ ಜಿಪಿಯುವಿನಂಥ ಪ್ರೊಸೆಸರ್. ‘ವೇಗವರ್ಧಕ’ ಅಂತ ಬರೆಯುವುದು ರೂಢಿ. ಅದನ್ನು ರಸಾಯನಶಾಸ್ತ್ರದಲ್ಲಿ ಕ್ಯಾಟಲಿಸ್ಟ್‌ಗೂ ಬಳಸುತ್ತಾರೆ. ಅಲ್ಲಿ ವೇಗವರ್ಧಕ ಕ್ರಿಯೆಯನ್ನು ಚುರುಕುಗೊಳಿಸುತ್ತದೆ, ತಾನು ಖರ್ಚಾಗುವುದಿಲ್ಲ. ಇಲ್ಲಿ ಬಹುಪಾಲು ದುಡಿಮೆಯೇ ಅದರದ್ದು. 2022ರಲ್ಲಿ ಎಕ್ಸಾಫ್ಲಾಪ್ (ಸಾವಿರ ಪೆಟಾಫ್ಲಾಪ್) ಮುಟ್ಟಿದ, ಅಮೆರಿಕದ ಓಕ್ ರಿಜ್ ಪ್ರಯೋಗಾಲಯದ ಸೂಪರ್‌ಕಂಪ್ಯೂಟರ್ ಫ್ರಾಂಟಿಯರ್‌ನಲ್ಲಿ ಪ್ರತಿ ನೋಡ್‌ಗೂ (ಒಟ್ಟಿಗೆ ದುಡಿಯುವ ಬಿಡಿ ಕಂಪ್ಯೂಟರ್‌ಗೂ) ಒಂದು ಸಿಪಿಯು, ನಾಲ್ಕು ಜಿಪಿಯು. ಲೆಕ್ಕದ ಹೊರೆಯೆಲ್ಲ ಹೆಚ್ಚುಕಡಿಮೆ ಜಿಪಿಯುಗಳ ಹೆಗಲ ಮೇಲೆ. ಅದನ್ನು ‘ಸಹಾಯಕ’ ಅಂತಲೂ ಕರೆಯೋಕಾಗಲ್ಲ. 1980ರ ಇಂಟೆಲ್ 8087 ಚಿಪ್ಪು ಬರೀ ದಶಾಂಶದ ಲೆಕ್ಕ ಮಾಡಿಕೊಡುತ್ತಾ ಮುಖ್ಯ ಪ್ರೊಸೆಸರ್ 8086ರ ಪಕ್ಕ ಕೂತಿರುತ್ತಿತ್ತು. ಅದಕ್ಕೆ ‘ಸಹ-ಪ್ರೊಸೆಸರ್’ ಒಪ್ಪುತ್ತಿತ್ತು. ಇಂದಿನದಕ್ಕೆ ‘ದುಡಿಪ್ರೊಸೆಸರ್’ ಅಂತ ಸುಮ್ನೆ ಗೀಚಿಟ್ಟಿದ್ದೇನೆ, ತೃಪ್ತಿಯಿಲ್ಲ. ಕೆಲಸ ಹಂಚುವ ಸಿಪಿಯುವಿಗೆ, ಇಂಥ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವ ವ್ಯವಸ್ಥೆಗಳಾದ ಓಪನ್‌ಸಿಎಲ್‌ನಲ್ಲೂ ಕುಡಾದಲ್ಲೂ ‘ಹೋಸ್ಟ್’ ಅನ್ನುತ್ತಾರೆ. ‘ಆತಿಥೇಯ’ ಅಂತ ಬರೆದರೆ ಅದು ಜಿಪಿಯುವನ್ನು ಉಪಚರಿಸುತ್ತಿರುವ ಹಾಗಿರುತ್ತದೆ, ನಿಜದಲ್ಲಿ ಕೆಲಸ ಹೇರುತ್ತಿರುತ್ತದೆ. ಆಕ್ಸಲರೇಟರ್, ಹೋಸ್ಟ್, ಈ ಎರಡಕ್ಕೆ ನೀವು ಏನು ಬಳಸುತ್ತೀರಿ? ಬಿಡಿ ಪದ ಬೇಡ, ವಾಕ್ಯದ ಸಮೇತ ಕಳಿಸಿ. ವಾಕ್ಯದಲ್ಲಿ ಕೂರದ ಪದಗಳು ನನ್ನ ಬಳಿ ಆಗಲೇ ಜಾಸ್ತಿ ಇವೆ.