ಪೇಪರ್ ಬಾಲ ಕತ್ತರಿಸುವ ವಿಮಾನಕ್ಕೆ ಯಾವ ಬ್ಯಾಟರಿ? ಈ ಬಿಸಿಲಲ್ಲಿ ಚಾರ್ಜ್ ಹೇಗೆ?

ರಿಂಗ್ ರೋಡ್ ಪೈಲಟ್, ಕಲಬುರಗಿ:
ನಮಸ್ಕಾರ. ನಾವು ಮೂವರು ಗೆಳೆಯರು ರಿಮೋಟಿನಿಂದ ಹಾರಿಸುವ ಫೋಮ್ ವಿಮಾನ ಮಾಡಿಕೊಂಡಿದ್ದೇವೆ. 2212 ಅಳತೆಯ ಮೋಟಾರು, 1400 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಅಷ್ಟು ಸುತ್ತು), 30 ಆಂಪಿಯರ್ ಇಎಸ್‌ಸಿ, ಅಂದರೆ ಮೋಟಾರಿನ ವೇಗ ನಿಯಂತ್ರಕ. ಬಾಲಕ್ಕೆ ಕ್ರೇಪ್ ಪೇಪರ್ ಪಟ್ಟಿ ಕಟ್ಟಿ, ಒಬ್ಬರದನ್ನು ಇನ್ನೊಬ್ಬರು ಪ್ರೊಪೆಲರ್‌ನಿಂದ ಕತ್ತರಿಸುವ ಆಟ. ಹಾರಿಸುವುದು ತೊಗರಿ ಕೊಯ್ದ ಹೊಲದಲ್ಲಿ. ಲ್ಯಾಪ್‌ಟಾಪಿನ ಹಳೇ 18650 (ಉರುಟು ಲಿಥಿಯಂ) ಸೆಲ್ ಜೋಡಿಸಿ ಅಗ್ಗಕ್ಕೆ ಪ್ಯಾಕ್ ಮಾಡಿಕೊಡ್ತೀನಿ ಅಂತ ಒಬ್ಬರು ಹೇಳುತ್ತಿದ್ದಾರೆ. ನಡೆಯುತ್ತಾ, ಇಲ್ಲಾ ಲಿಪೋನೇ (ಲಿಥಿಯಂ ಪಾಲಿಮರ್ ಬ್ಯಾಟರಿ) ಬೇಕಾ? ಬಿಸಿಲು ಆಗಲೇ 40 ದಾಟಿದೆ. ಮನೆಯಲ್ಲಿ ಚಾರ್ಜಿಗೆ ಹಾಕಿದರೆ ಅವ್ವ ಹೆದರುತ್ತಾಳೆ. ತಿಳಿದವರು ಹೇಳ್ರಿ.

ಶಹಾಬಾದ್ ಅಣ್ಣ:
ತಮ್ಮಾ, ಹಳೇ 18650 ಬೇಡ. ಲ್ಯಾಪ್‌ಟಾಪ್ ಸೆಲ್‌ಗೆ 5 ಆಂಪಿಯರ್ ಕೊಡುವುದೇ ಕಷ್ಟ. ಬೆನ್ನಟ್ಟುವ ಆಟದಲ್ಲಿ ಥ್ರಾಟಲ್ ಯಾರೂ ಇಳಿಸುವುದಿಲ್ಲ ಅಲ್ವಾ?

3ಎಸ್ (ಸಾಲಾಗಿ ಮೂರು ಸೆಲ್) 1300 ಎಂಎಎಚ್ ಲಿಪೋ ತಗೋ, ಎಂಎಎಚ್ ಅಂದರೆ ಅದರ ಸಾಮರ್ಥ್ಯ. ಅದರ ನೂರಕ್ಕೆ ಎಂಬತ್ತರಷ್ಟು ಮಾತ್ರ ಬಳಸು, ಅಂದರೆ 1040. ಅಷ್ಟನ್ನು 5 ನಿಮಿಷದಲ್ಲಿ ಖರ್ಚು ಮಾಡಿದರೆ ಸರಾಸರಿ 12.5 ಆಂಪಿಯರ್ ಆಯಿತು. ಲೇಬಲ್ ಮೇಲೆ 30ಸಿ ಅಂತಿದ್ದರೆ, ಅಂದರೆ ಸಾಮರ್ಥ್ಯದ 30 ಪಟ್ಟು ಕರೆಂಟ್ ಕೊಡಬಲ್ಲದು ಅಂತಿದ್ದರೆ, ಲೆಕ್ಕಕ್ಕೆ 39 ಆಂಪಿಯರ್. ನಾನು ಲೇಬಲ್ಲಿನ ಅರ್ಧವನ್ನಷ್ಟೇ ನಂಬುತ್ತೇನೆ, ಆಗಲೂ ಸರಾಸರಿಗೆ ಸಾಕು. ಫುಲ್ ಥ್ರಾಟಲ್ಲಿನ ಎಳೆತಕ್ಕೆ 40ಸಿ ಸಿಕ್ಕರೆ ಇನ್ನೂ ನಿಶ್ಚಿಂತೆ. 2200 ಹಾಕಿದರೆ ಜಾಸ್ತಿ ಹೊತ್ತು ಹಾರುತ್ತದೆ, ನಿಜ. ಆದರೆ ತೂಕ ಏರಿ ಬಿಗಿಯಾಗಿ ತಿರುಗುವುದಿಲ್ಲ. ಬಿದ್ದಾಗ ಅದೇ ತೂಕ ಮುಂದೆ ನುಗ್ಗಿ ಮೂತಿ ಒಡೆಯುತ್ತದೆ. ದೊಡ್ಡದೊಂದರ ಬದಲು ಚಿಕ್ಕವು ಎರಡು ಇಟ್ಟುಕೊಳ್ಳಿ.

ನನಗೆ ಭಯ ಇರುವುದು ನಿಮ್ಮ ಹೊಲದ ಬಗ್ಗೆ. ತೊಗರಿ ಕೂಳೆ ಗಟ್ಟಿ, ಓರೆಯಾಗಿ ಕೊಯ್ದ ತುದಿ ಈಟಿಯಂತೆ ನಿಂತಿರುತ್ತದೆ. ಲಿಪೋಗೆ ಗಟ್ಟಿ ಕವಚವಿಲ್ಲ, ತೆಳು ಅಲ್ಯೂಮಿನಿಯಂ ಚೀಲ ಅಷ್ಟೇ. ಬ್ಯಾಟರಿಯನ್ನು ಹೊಟ್ಟೆಗೆ ಅಂಟಿಸಬೇಡಿ, ಫೋಮ್ ಒಳಗೆ ಹುದುಗಿಸಿ. ಬಿದ್ದ ಮೇಲೆ ಮೊದಲು ಮುಂದಿನ ಎರಡು ಮೂಲೆ ನೋಡಿ, ಆಮೇಲೆ ವೈರು ಹೊರಬರುವ ಜಾಗ. ಮೂಲೆ ನಗ್ಗಿದ್ದರೆ, ಸಿಹಿ ಸಿಹಿ ವಾಸನೆ ಬಂದರೆ, ಅದನ್ನು ಬೈಕಿನ ಡಿಕ್ಕಿಗೆ ಹಾಕಲೇಬೇಡಿ. ಬಯಲಲ್ಲಿ ದೂರ ಇಟ್ಟು ಅರ್ಧ ಗಂಟೆಯಾದರೂ ಕಾಯಿರಿ. ಹೊಡೆತ ತಿಂದ ಸೆಲ್ ತಡವಾಗಿಯೂ ಹೊತ್ತಿಕೊಳ್ಳಬಹುದು.

ಚಾರ್ಜಿಗೆ ಬ್ಯಾಲೆನ್ಸ್ ಚಾರ್ಜರ್ (ಎಲ್ಲ ಸೆಲ್ ಸಮವಾಗಿ ತುಂಬಿಸುವುದು) ಕಡ್ಡಾಯ. ಲಿಪೋ ಮೋಡ್, 3ಎಸ್, 1.3 ಆಂಪಿಯರ್. ಪ್ರತಿ ಸೆಲ್ 4.2 ವೋಲ್ಟ್, ಒಟ್ಟು 12.6 ಬಂದರೆ ಮುಗಿಯಿತು. ಹಾರಿಸಿ ತಂದ ಪ್ಯಾಕು ಕೈಗೆ ತಣ್ಣಗಾಗುವ ತನಕ ಚಾರ್ಜಿಗೆ ಹಾಕಬೇಡಿ. 45 ಡಿಗ್ರಿ ಮೇಲೆ ಚಾರ್ಜ್ ಮಾಡುವುದೇ ಸಲ್ಲದು. ನಮ್ಮೂರ ಮಧ್ಯಾಹ್ನದ ಶೆಡ್ಡಿನಲ್ಲಿ ಅಷ್ಟಾಗಲು ಏನು ಕಷ್ಟ? ಹಾರಿಸುವ ದಿನ ಬೆಳಗ್ಗೆ ಎದ್ದು ಹಾಕಿ. ಹಾರಿಸದೇ ಉಳಿದರೆ ಚಾರ್ಜರಿನ ಸ್ಟೋರೇಜ್ ಮೋಡಿನಲ್ಲಿ ಸೆಲ್ಲಿಗೆ 3.8 ವೋಲ್ಟಿಗೆ ಇಳಿಸಿ. ಫುಲ್ ಇಟ್ಟು ಸೆಕೆಯಲ್ಲಿ ಬಿಟ್ಟರೆ ಬೇಗ ಊದಿಕೊಳ್ಳುತ್ತದೆ.

ಅವ್ವನ ಭಯ ಸರಿಯಾದದ್ದೇ. ಅಂಗಳದಲ್ಲಿ ಶಹಾಬಾದ್ ಕಲ್ಲಿನ ಮೇಲಿಟ್ಟು ಚಾರ್ಜ್ ಮಾಡಿ, ಪಕ್ಕಕ್ಕೆ ಒಂದು ಬಕೆಟ್ ಮರಳು ಇರಲಿ, ಬಿಟ್ಟು ಒಳಗೆ ಹೋಗಬೇಡಿ.

ಬೀದರ್ ಗಾಳಿಪಟ:
ಅಣ್ಣಾರು ಹೇಳಿದ್ದೆಲ್ಲ ಸರಿ. ಒಂದು ಮಾತು ಸೇರಿಸುತ್ತೇನೆ. ನಿಮ್ಮಲ್ಲಿ ಸೇಡಂ ರಸ್ತೆ ಕಡೆ ವಿಮಾನ ನಿಲ್ದಾಣ ಇದೆ, ನಮ್ಮಲ್ಲಿ ವಾಯುಪಡೆ ನಿಲ್ದಾಣ. ಹೊಲ ಯಾರದೇ ಇರಲಿ, ಡಿಜಿಟಲ್ ಸ್ಕೈ (ಸರ್ಕಾರದ ಡ್ರೋನ್ ವಲಯಗಳ) ನಕ್ಷೆಯಲ್ಲಿ ಹಸಿರು ವಲಯವಾ ಅಂತ ನೋಡಿಕೊಂಡೇ ಹೋಗ್ರಿ.

ರಿಂಗ್ ರೋಡ್ ಪೈಲಟ್, ಕಲಬುರಗಿ:
ತುಂಬಾ ಉಪಕಾರ ಆಯ್ತು. ಗೆಳೆಯನ ಹತ್ತಿರ ಒಂದು ಹಳೇ ಪ್ಯಾಕ್ ಇದೆ, ಸ್ವಲ್ಪ ಊದಿದೆ. ಮೂರು ಸೆಲ್ 3.82, 3.81, 3.64 ವೋಲ್ಟ್ ತೋರಿಸುತ್ತಿವೆ. ಪ್ರಾಕ್ಟೀಸಿಗೆ ಆಗುತ್ತಾ?

ಶಹಾಬಾದ್ ಅಣ್ಣ:
ಬೇಡ ತಮ್ಮಾ. ಮೂರನೇ ಸೆಲ್ ಸೋತಿದೆ, ಮೇಲಾಗಿ ಊದಿದೆ. ಹೊರಗೆ ಕಲ್ಲಿನ ಮೇಲಿಟ್ಟು 12 ವೋಲ್ಟಿನ ಗಾಡಿ ಬಲ್ಬ್ ಹಚ್ಚಿ ಪೂರ್ತಿ ಖಾಲಿ ಮಾಡು. ಆಮೇಲೆ ವೈರಿನ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಡು. ಕಸದ ಗಾಡಿಗೆ ಮಾತ್ರ ಹಾಕಬೇಡ.