ಪದಚರ್ಚೆ: ‘ಎಸ್ಟ್ರಾಡ್‌ಪೊಯೆಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಸ್ವೀಡನ್ನಿನ ಬಾಬ್ ಹಾನ್ಸನ್ (ಹುಟ್ಟಿದ್ದು 1970) ಬಗ್ಗೆ ಒಂದು ಪರಿಚಯ ಬರಹ ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪುಟ ಅಚ್ಚಿಗೆ ಹೋಗಬೇಕು. ಅಲ್ಲಿ ಅವರನ್ನು ‘ಎಸ್ಟ್ರಾಡ್‌ಪೊಯೆಟ್’ ಅನ್ನುತ್ತಾರೆ. ಜನರೆದುರು ನಿಂತು ತನ್ನ ಕವಿತೆಯನ್ನು ತಾನೇ ಆಡಿ ತೋರಿಸುವ ಕವಿ. ಕಾದಂಬರಿಯನ್ನೂ ಬರೆದಿದ್ದಾರೆ, ಆದರೆ ಹೆಸರು ಬಂದದ್ದು ವೇದಿಕೆಯಿಂದ. ‘ಗಮಕಿ’ ಆಗಬಹುದೇ? ಅಥವಾ ‘ಧ್ವನಿಕವಿ’?

ಮರುಓಲೆ 1

ಎರಡೂ ಆಗದು. ಗಮಕಿ ಓದುವುದು ಕುಮಾರವ್ಯಾಸನನ್ನು, ತನ್ನದನ್ನಲ್ಲ. ಈ ಕವಿಗಳು ಬೆಳೆದ ‘ಸ್ಲ್ಯಾಮ್’ ಎಂಬ ಕವಿತೆ ಹೇಳುವ ಪಂದ್ಯದಲ್ಲಿ ಕವಿತೆ ಸ್ವಂತದ್ದೇ ಆಗಿರಬೇಕು. ಮೂರು ನಿಮಿಷ. ವಾದ್ಯ ಇಲ್ಲ, ವೇಷ ಇಲ್ಲ. ಅಂಕ ಕೊಡುವವರೂ ಸಭೆಯಲ್ಲಿ ಕೂತ ಜನರೇ. 1980ರ ದಶಕದಲ್ಲಿ ಶಿಕಾಗೋದಲ್ಲಿ ಮಾರ್ಕ್ ಸ್ಮಿತ್ ಶುರು ಮಾಡಿದ ಪದ್ಧತಿ ಇದು. ಮುಂದಿನ ದಶಕದಲ್ಲಿ ಸ್ವೀಡನ್ನಿನಲ್ಲಿ ಬೇರು ಬಿಟ್ಟಿತು.

‘ಧ್ವನಿಕವಿ’ಗಳದ್ದು ಬೇರೆಯೇ ಪಂಗಡ. 1960ರ ದಶಕದಲ್ಲಿ ಸ್ಟಾಕ್‌ಹೋಮಿನ ಫಿಲ್ಕಿಂಗೆನ್ ಸಂಘದ ಸುತ್ತ ಇದ್ದವರು ಟೇಪಿನಲ್ಲಿ ಮಾತನ್ನು ಕತ್ತರಿಸಿ ಜೋಡಿಸಿದರು. ಅವರಲ್ಲೊಬ್ಬರಾದ ಓಕೆ ಹೋಡೆಲ್ 1963ರಲ್ಲಿ ಸೈನ್ಯದ ಆಜ್ಞೆಯೊಂದರ ‘ಈ’ ಸ್ವರವನ್ನೇ ಪುಟಗಟ್ಟಲೆ ಎಳೆದು ಒಂದು ಪುಸ್ತಕ ಮಾಡಿದ್ದರು. ಆ ಹೆಸರನ್ನು ಇಂಥವರಿಗೆ ಉಳಿಸಿ. ಅದೂ ಅಲ್ಲದೆ, ಕವಿತೆಯ ಮಾತಿನಲ್ಲಿ ‘ಧ್ವನಿ’ ಅಂದರೆ ನಮಗೆ ನೆನಪಾಗುವುದು ಕಾವ್ಯದ ಸೂಚ್ಯಾರ್ಥವನ್ನು ‘ಧ್ವನಿ’ ಎಂದು ಕರೆದ ಆನಂದವರ್ಧನ, ಅಲ್ವಾ?

ಮರುಓಲೆ 2

ಎಸ್ಟ್ರಾಡ್ ಅಂದರೆ ನೆಲದಿಂದ ಎತ್ತರಿಸಿದ ಕಟ್ಟೆ. ಕನ್ನಡದಲ್ಲಿ ಪದ ಇದೆ, ಬಳಸಿ. ‘ಕಟ್ಟೆಗಬ್ಬಿಗ’. ‘ಕಟ್ಟೆಕವಿ’ ಬೇಡ, ಕನ್ನಡಕ್ಕೆ ಸಂಸ್ಕೃತ ಸೇರಿಸಿದ ಅರಿಸಮಾಸ. ‘ವೇದಿಕೆ ಕವಿ’ ಇನ್ನೂ ಬೇಡ, ಸನ್ಮಾನ, ಹಾರ, ಶಾಲು ಕಣ್ಣಿಗೆ ಬರುತ್ತವೆ. ಸಂಸ್ಕೃತದ ಮನೆಯಿಂದ ಇನ್ನೆಷ್ಟು ಕಾಲ ಸಾಲ ತರುತ್ತೀರಿ?

ಮರುಓಲೆ 3

‘ಕಬ್ಬಿಗ’ ಅಚ್ಚಗನ್ನಡ ಅಲ್ಲ ಸ್ವಾಮಿ. ‘ಕಾವ್ಯ’ದಿಂದ ‘ಕಬ್ಬ’, ಅದರಿಂದ ‘ಕಬ್ಬಿಗ’. ಸುಮ್ನೆ ಸಾಲದ ಲೆಕ್ಕ ತೆಗೆಯಬೇಡಿ. ಎಸ್ಟ್ರಾಡ್ ಸ್ವೀಡಿಶಿಗೆ ಬಂದದ್ದು ಫ್ರೆಂಚಿನಿಂದ, ಫ್ರೆಂಚಿಗೆ ಸ್ಪ್ಯಾನಿಷಿನಿಂದ. ಮೂಲ ಲ್ಯಾಟಿನ್ನಿನ ‘ಸ್ಟ್ರಾಟುಮ್’, ಅಂದರೆ ಹಾಸಿದ್ದು. ನಮ್ಮ ‘ವಿಸ್ತಾರ’, ‘ಸ್ತರ’ಗಳ ಧಾತು ಅದರ ದಾಯಾದಿ. ‘ಪೊಯೆಟ್’ ಗ್ರೀಕರದು. ‘ಸ್ಕಾಲ್ಡ್’ ಅನ್ನುವ ತಮ್ಮದೇ ಹಳೆಯ ಪದ ಇದ್ದರೂ ಸ್ವೀಡಿಶರು ಈ ಸಾಲದ ಜೋಡಿಯನ್ನೇ ಒಪ್ಪಿಕೊಂಡರು.

ಇನ್ನು ಅರಿಸಮಾಸ. ಬಿರುದುಗಳಲ್ಲಿ ಅದು ಸಲ್ಲುತ್ತದೆ ಎಂದು ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಹೇಳಿದ್ದಾನೆ. ಇದೂ ಜನ ಕೊಟ್ಟ ಬಿರುದೇ. ‘ಕಟ್ಟೆಕವಿ’ ಹಾಕಿ. ಮೊದಲ ಸಲ ಬಂದಲ್ಲಿ ಪಕ್ಕದಲ್ಲಿ ಸ್ವೀಡಿಶ್ ಪದವನ್ನೂ ಕೊಡಿ.

ಮರುಓಲೆ 4

ತದ್ಭವವನ್ನು ಸಾಲ ಅನ್ನುವವರ ಜೊತೆ ನನಗೆ ವಾದ ಇಲ್ಲ. ನಮ್ಮ ನಾಲಿಗೆಗೆ ಒಗ್ಗಿದ ಮೇಲೆ ಅದು ನಮ್ಮದು. ಕಟ್ಟೆ ಉಳಿಯಿತಲ್ಲ, ಅಷ್ಟು ಸಾಕು. ಅಚ್ಚಿಗೆ ಕಳಿಸಿ.